ನೆತ್ತರುಗೊಡಗೆಯಿಂದ ಪರಿಹಾರದ ಹಕ್ಕಿನವರೆಗೆ

ಕರ್ತವ್ಯದಲ್ಲಿ ಮಡಿದವನ ಕುಟುಂಬವನ್ನು ಪೋಷಿಸುವುದು ಕನ್ನಡನಾಡಿಗೆ ಹೊಸತಲ್ಲ. ಕಾಳಗದಲ್ಲಿ ಸತ್ತ ವೀರನ ಮನೆಯವರಿಗೆ ನೀಡುತ್ತಿದ್ದ ಭೂಮಿಯನ್ನು ಶಾಸನಗಳು ‘ನೆತ್ತರುಗೊಡಗೆ’ ಎಂದು ಕರೆದಿವೆ. ಆದರೆ ಕೊಡುವುದೂ ಬಿಡುವುದೂ ಒಡೆಯನ ಮರ್ಜಿಯಾಗಿತ್ತು. 1432ರಲ್ಲಿ ಪ್ರತಿಷ್ಠಾಪಿತನಾದ ಕಾರ್ಕಳದ ಗೊಮ್ಮಟನನ್ನು ಕಂಡವರು ವೀರಪಾಂಡ್ಯನನ್ನು ಸ್ಮರಿಸುತ್ತಾರೆ. ಅಲ್ಲಿ ಕೈಕಾಲು ನೊಂದಿರಬಹುದಾದ ಕಲ್ಲುಕುಟಿಗರನ್ನು ಸ್ಮರಿಸುವವರಾರು?

ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ, ಅನಂತರ ಮಲ್ಪೆಯಲ್ಲಿಯೂ ಹಂಚಿನ ಕಾರ್ಖಾನೆ ತೆರೆದರು. ಯಂತ್ರದೊಡನೆ ಅಪಾಯವೂ ಬಂದಿತು. ಆ ಕಾಲದ ನ್ಯಾಯದಂತೆ ಮಾಲೀಕನ ತಪ್ಪನ್ನು ಗಾಯಾಳುವೇ ರುಜುವಾತುಪಡಿಸಬೇಕಿತ್ತು. ಜರ್ಮನಿ 1884ರಲ್ಲಿ, ಬ್ರಿಟನ್ 1897ರಲ್ಲಿ ಈ ಭಾರವನ್ನು ಇಳಿಸಿದವು. ನಮ್ಮಲ್ಲಿ 1923ರ ಕಾರ್ಮಿಕರ ನಷ್ಟಪರಿಹಾರ ಅಧಿನಿಯಮವು 1924ರ ಜುಲೈ 1ರಂದು ಜಾರಿಗೆ ಬಂದು, ಮದರಾಸು ಪ್ರಾಂತಕ್ಕೆ ಸೇರಿದ್ದ ಈ ಜಿಲ್ಲೆಗೂ ಅನ್ವಯಿಸಿತು. ತಪ್ಪು ಯಾರದೆಂಬುದಕ್ಕಿಂತ, ಗಾಯವು ಕೆಲಸದಿಂದ ಆಯಿತೇ ಎಂಬ ಪ್ರಶ್ನೆಯೇ ಮುಖ್ಯವಾಯಿತು. 1948ರ ಕಾರ್ಮಿಕರ ರಾಜ್ಯ ವಿಮಾ ಅಧಿನಿಯಮವು ಇದಕ್ಕೆ ಚಿಕಿತ್ಸೆಯನ್ನೂ ಸೇರಿಸಿತು. ವಿಮೆಗೊಳಪಟ್ಟವರು ಗಾಯದಿಂದ ರಜೆಯಲ್ಲಿದ್ದಾಗ ವೇತನದ ಶೇಕಡ 90ರಷ್ಟು ಪಡೆಯುತ್ತಾರೆ.

ಇವೆರಡೂ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅಡಕವಾಗಿವೆ. ಅದು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ, ಕೆಲಸದೊಡನೆ ಸಂಬಂಧವಿದ್ದರೆ, ಅದರ ವ್ಯಾಪ್ತಿಗೆ ಬರುತ್ತದೆ.

ಉಡುಪಿ, ಮಣಿಪಾಲ, ಕಾಪುಗಳಲ್ಲಿ ದುಡಿಯುತ್ತಿರುವ ನನ್ನ ವಿದ್ಯಾರ್ಥಿಗಳೇ, ಗೋಡಂಬಿ ಕಾರ್ಖಾನೆಗೆ ಹೋಗುವ ನಿಮ್ಮ ತಾಯಂದಿರಿಗೂ ಇದನ್ನು ಓದಿ ಹೇಳಿರಿ. ಕೆಲಸದಲ್ಲಿ ಗಾಯವಾದರೆ ಕೂಡಲೇ ಲಿಖಿತವಾಗಿ ತಿಳಿಸಿರಿ, ಪ್ರತಿಯೊಂದನ್ನು ಇಟ್ಟುಕೊಳ್ಳಿರಿ. ಅನೇಕರು ಸಂಕೋಚದಿಂದ ಸುಮ್ಮನಿದ್ದು ಕಳೆದುಕೊಳ್ಳುತ್ತಾರೆ. ನೆತ್ತರುಗೊಡಗೆ ಕೃಪೆಯಾಗಿತ್ತು, ಇದು ಹಕ್ಕು.