ಕ್ಲಿನಿಕ್ ಚೆನ್ನಾಗಿದೆ ಎನ್ನುವುದು ಯಾವ ಲೆಕ್ಕದಲ್ಲಿ?

ಇಷ್ಟು ಮಂದಿ ವೈದ್ಯರು ಎದುರಿಗಿರುವಾಗ ಆರೋಗ್ಯದ ಬಗ್ಗೆ ಮಾತನಾಡಲು ಚಾರ್ಟರ್ಡ್ ಅಕೌಂಟೆಂಟ್ ಒಬ್ಬನನ್ನು ಕರೆದಿದ್ದೀರಿ. ನನಗೆ ರೋಗ ಗೊತ್ತಿಲ್ಲ, ಲೆಕ್ಕ ಗೊತ್ತು. ನಮ್ಮ ಬೀದಿಯ ಕ್ಲಿನಿಕ್ ಚೆನ್ನಾಗಿದೆ ಎಂದು ನಾವು ಯಾವ ಲೆಕ್ಕದ ಮೇಲೆ ಹೇಳುತ್ತೇವೆ? ಇಂದಿನ ನನ್ನ ಮಾತು ಇಷ್ಟಕ್ಕೇ ಸೀಮಿತ.

ಈ ಪ್ರಶ್ನೆಗೆ ಚೌಕಟ್ಟು ಹಾಕಿಕೊಟ್ಟವರು ಅವೆದಿಸ್ ಡೊನಬೇಡಿಯನ್. 1919ರಲ್ಲಿ ಬೈರೂತಿನಲ್ಲಿ ಹುಟ್ಟಿದ ಅರ್ಮೇನಿಯನ್ ವೈದ್ಯರು, ಮುಂದೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು. ಚಿಕಿತ್ಸೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬೇಕು ಎಂದು ಅವರು 1966ರ ಪ್ರಬಂಧದಲ್ಲಿ ಹೇಳಿದರು. ಏನೇನು ಸೌಕರ್ಯ ಇದೆ, ರೋಗಿಗೆ ಏನು ಮಾಡಿದರು, ಕೊನೆಗೆ ರೋಗಿಗೆ ಏನಾಯಿತು. ಸೌಕರ್ಯ, ವಿಧಾನ, ಫಲ. ಎಮಿರೇಟ್ಸ್‌ನ ವೈದ್ಯಕೀಯ ಇತಿಹಾಸವನ್ನು ಈ ಮೂರು ಕಾಲಂಗಳಲ್ಲಿ ಬರೆದು ನೋಡೋಣ.

ಮೊದಲ ಕಾಲಂ ಸೌಕರ್ಯದ್ದು. ದುಬೈಯ ದೇರಾದಲ್ಲಿ ಅಲ್ ಮಕ್ತೂಮ್ ಆಸ್ಪತ್ರೆ ಆರಂಭವಾದದ್ದು 1950ರ ದಶಕದ ಮೊದಲಿಗೆ. 1960ರಲ್ಲಿ ಅಮೆರಿಕದ ವೈದ್ಯ ದಂಪತಿ ಪ್ಯಾಟ್ ಮತ್ತು ಮರಿಯನ್ ಕೆನಡಿ ಅಲ್ ಐನ್‌ಗೆ ಬಂದು ಮಣ್ಣಿನ ಕಟ್ಟಡದಲ್ಲಿ ಚಿಕಿತ್ಸೆ ಶುರುಮಾಡಿದರು. ಅದೇ ಇಂದಿನ ಓಯಸಿಸ್ ಆಸ್ಪತ್ರೆಯ ಮೂಲ. ಆಗ ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಅರ್ಧದಷ್ಟು ಉಳಿಯುತ್ತಿರಲಿಲ್ಲ ಎನ್ನುತ್ತಾರೆ. ಅಂಥ ಊರಿನಲ್ಲಿ ವೈದ್ಯರು ಇದ್ದಾರೆ ಎಂಬುದೇ ಗುಣಮಟ್ಟ. ಫಲವನ್ನು ಬೇರೆ ಅಳೆಯಬೇಕಾಗಿರಲಿಲ್ಲ, ಬದುಕಿದ ಮಗು ತಾಯಿಯ ಮಡಿಲಲ್ಲೇ ಕಾಣುತ್ತಿತ್ತು.

ಈ ಕಾಲಂನಲ್ಲಿ ನಮ್ಮವರ ಹೆಸರೂ ಇದೆ. ಉಡುಪಿ ಕಡೆಯ ಕಾಪುವಿನ ಬಿ. ಆರ್. ಶೆಟ್ಟರು 1973ರಲ್ಲಿ ಅಬುಧಾಬಿಗೆ ಬಂದು ಔಷಧ ಮಾರಿದರು. 1975ರಲ್ಲಿ ಅವರ ಎನ್‌ಎಂಸಿ ಸಣ್ಣ ಕ್ಲಿನಿಕ್ ಆಗಿ ಆರಂಭವಾದಾಗ ರೋಗಿಗಳನ್ನು ನೋಡಿದವರು ಅವರ ಪತ್ನಿ ಡಾ. ಚಂದ್ರಕುಮಾರಿ ಶೆಟ್ಟಿ.

ಎರಡನೆಯ ಕಾಲಂ ವಿಧಾನದ್ದು. ಅಬುಧಾಬಿಯಲ್ಲಿ 2005ರ ಕಾನೂನು, ದುಬೈಯಲ್ಲಿ 2013ರ ಕಾನೂನು ಆರೋಗ್ಯ ವಿಮೆಯನ್ನು ಕಡ್ಡಾಯ ಮಾಡಿದವು. ಸಂಬಳ ಕಡಿಮೆಯಿರುವ ನಮ್ಮ ಅಣ್ಣತಮ್ಮಂದಿರಿಗೂ ಕ್ಲಿನಿಕ್‌ನ ಬಾಗಿಲು ತೆರೆಯಿತು. ಅದರ ಜೊತೆಗೆ ಪ್ರತಿ ಭೇಟಿಯೂ ಒಂದು ಕ್ಲೇಮ್ ಆಯಿತು, ಪ್ರತಿ ರೋಗಕ್ಕೂ ಒಂದು ಕೋಡ್ ಬಂತು. ನನ್ನಂಥವರಿಗೆ ಕೆಲಸ ಸಿಕ್ಕಿದ್ದೂ ಇಲ್ಲಿಯೇ.

ಲೆಕ್ಕದ ಪುಸ್ತಕ ಎಷ್ಟನ್ನು ಹೇಳುತ್ತದೆ ಎಂಬ ಪಾಠವನ್ನೂ ಎನ್‌ಎಂಸಿಯೇ ಕಲಿಸಿತು. 2012ರಲ್ಲಿ ಅದು ಲಂಡನ್ ಷೇರುಪೇಟೆಗೆ ಹೋಯಿತು, 2017ರಲ್ಲಿ ಅಲ್ಲಿನ ಮೊದಲ ನೂರು ಕಂಪನಿಗಳ ಸಾಲಿಗೆ ಸೇರಿತು. 2020ರ ಮಾರ್ಚ್‌ನಲ್ಲಿ ಹೊರಬಿದ್ದ ಸಾಲ 660 ಕೋಟಿ ಡಾಲರ್, ಅದಕ್ಕೆ ಮುಂಚೆ ತೋರಿಸಿದ್ದು 210 ಕೋಟಿ. ಏಪ್ರಿಲ್‌ನಲ್ಲಿ ಕಂಪನಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಹೊಣೆ ಯಾರದು ಎಂಬುದು ನ್ಯಾಯಾಲಯಗಳ ವಿಷಯ, ನಾನು ಅದಕ್ಕೆ ಕೈಹಾಕುವುದಿಲ್ಲ. ನನ್ನನ್ನು ಕಾಡಿದ್ದು ಬೇರೆ. ಕೋವಿಡ್‌ನ ಆ ದಿನಗಳಲ್ಲಿ ಆ ಆಸ್ಪತ್ರೆಗಳು ಬಾಗಿಲು ಹಾಕಲಿಲ್ಲ. ಪುಸ್ತಕದಲ್ಲಿ ಸಾಲ ಮುಚ್ಚಿಹೋಗಿತ್ತು ನಿಜ, ಆದರೆ ವಾರ್ಡಿನಲ್ಲಿ ದಾದಿಯರು ಮಾಡಿದ ಕೆಲಸ ಸುಳ್ಳಾಗಿರಲಿಲ್ಲ.

ಇದರ ತಿರುವುಮುರುವನ್ನೂ ನಾನು ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಕ್ಲಿನಿಕ್‌ನ ಲೆಕ್ಕ ಪರಿಶೀಲಿಸಿದೆ. ಹೆಸರು ಬೇಡ. ಬಿಲ್ಲು, ರಸೀದಿ, ವಿಮೆಯ ಹಣ, ಎಲ್ಲ ಪೈಸೆಗೆ ಪೈಸೆ ತಾಳೆಯಾಯಿತು. ನಾನು ಸಂತೋಷದಿಂದಲೇ ಸಹಿ ಹಾಕಿದೆ. ಅದೇ ಕ್ಲಿನಿಕ್‌ಗೆ ಹೋಗುತ್ತಿದ್ದ, ನಮ್ಮೂರ ಕಡೆಯ ಚಾಲಕರೊಬ್ಬರು ಆಮೇಲೆ ಸಿಕ್ಕರು. ಎರಡು ವರ್ಷದಿಂದ ತಿಂಗಳು ತಿಂಗಳೂ ಸಕ್ಕರೆ ಕಾಯಿಲೆಯ ಮಾತ್ರೆ ತರುತ್ತಿದ್ದರು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಒಮ್ಮೆಯೂ ಮಾಡಿಸಿರಲಿಲ್ಲ, ಕಣ್ಣು ನೋಡಿರಲಿಲ್ಲ, ಕಾಲು ನೋಡಿರಲಿಲ್ಲ. ದೃಷ್ಟಿ ಮಂಜಾದ ಮೇಲೆ ಊರಿಗೆ ಹೊರಟಿದ್ದರು. ಅವರ ಇಪ್ಪತ್ನಾಲ್ಕು ಭೇಟಿಗಳೂ ನಾನು ತಾಳೆ ಹಾಕಿದ ಆದಾಯದೊಳಗೇ ಇದ್ದವು. ನನ್ನ ಆಡಿಟ್‌ನಲ್ಲಿ ತಪ್ಪಿರಲಿಲ್ಲ, ಆದರೆ ಅವರ ಕಣ್ಣಿಗೆ ಅದರಲ್ಲಿ ಜಾಗವೇ ಇರಲಿಲ್ಲ.

ಆ ಜಾಗವೇ ಮೂರನೆಯ ಕಾಲಂ, ಫಲ. ಅಬುಧಾಬಿಯ ಆರೋಗ್ಯ ಇಲಾಖೆ ‘ಜೌದಾ’ ಎಂಬ ಕಾರ್ಯಕ್ರಮದಡಿ ಚಿಕಿತ್ಸಾಲಯಗಳ ಗುಣಮಟ್ಟವನ್ನು ಸೂಚ್ಯಂಕಗಳಿಂದ ಅಳೆಯುತ್ತದೆ. ಅರಬಿಯಲ್ಲಿ ಜೌದಾ ಎಂದರೆ ಗುಣಮಟ್ಟ ಎಂದೇ ಅರ್ಥ. ಸರಕಾರ ಅಳೆಯಲಿ. ನಾವು ಕ್ಲಿನಿಕ್ ಹುಡುಕುವಾಗ ಏನು ಕೇಳುತ್ತೇವೆ? ಪಾರ್ಕಿಂಗ್ ಇದೆಯೇ, ನಮ್ಮ ಕಾರ್ಡ್ ನಡೆಯುತ್ತದೆಯೇ, ಡಾಕ್ಟರು ಕನ್ನಡ ಬಲ್ಲವರೇ. ಇವೆಲ್ಲ ಬೇಕು, ಆದರೆ ಇವೆಲ್ಲ ಮೊದಲ ಕಾಲಂನವು. ಕಳೆದ ಸಲದ ವರದಿಯನ್ನು ಈ ಸಲ ತೆಗೆದು ನೋಡಿದರೇ, ಬಿಪಿ ಇಳಿಯಿತೇ ಎಂದು ಕೇಳಿದರೇ ಎಂಬುದನ್ನು ನಾವು ಗಮನಿಸುವುದೇ ಇಲ್ಲ.

ಕೊನೆಗೆ ನಮ್ಮ ಮನೆಯ ಲೆಕ್ಕ. ನಮ್ಮ ಸಂಘಗಳು ಉಚಿತ ವೈದ್ಯಕೀಯ ಶಿಬಿರ ನಡೆಸುತ್ತವೆ. ಇಷ್ಟು ಮಂದಿ ಪ್ರಯೋಜನ ಪಡೆದರು ಎಂದು ವರದಿಯಲ್ಲಿ ಬರೆಯುತ್ತೇವೆ, ಫೋಟೊ ಹಾಕುತ್ತೇವೆ. ಆ ದಿನ ಸಕ್ಕರೆ ಹೆಚ್ಚಿದೆ ಎಂದು ತಿಳಿದವರು ಆಮೇಲೆ ವೈದ್ಯರನ್ನು ಕಂಡರೇ? ಆ ಸಂಖ್ಯೆ ನಮ್ಮ ಯಾವ ವರದಿಯಲ್ಲೂ ಇಲ್ಲ. ಮುಂದಿನ ಶಿಬಿರದಿಂದ ಅಂಥವರಿಗೆ, ಅವರ ಒಪ್ಪಿಗೆ ಪಡೆದು, ಮೂರು ತಿಂಗಳ ಬಳಿಕ ಒಂದು ಫೋನ್ ಮಾಡೋಣ. ಆ ಪಟ್ಟಿ ಇಟ್ಟುಕೊಂಡು ಫೋನ್ ಮಾಡುವ ಕೆಲಸ ನನಗೆ ಕೊಡಿ. ಅದಕ್ಕೆ ವೈದ್ಯನೇ ಬೇಕೆಂದಿಲ್ಲ, ಲೆಕ್ಕಿಗ ಸಾಕು.