‘ಸಖೀಗೀತ’ದ ಹಿನ್ನೆಲೆ
ಬೇಂದ್ರೆಯವರ ‘ಸಖೀಗೀತ’ ಪ್ರಕಟವಾದದ್ದು 1937ರಲ್ಲಿ. ಅದನ್ನು ಬರಿಯ ದಾಂಪತ್ಯಕಾವ್ಯವೆಂದು ಓದುವವರೇ ಹೆಚ್ಚು. ಆದರೆ ಐದು ವರ್ಷ ಮೊದಲು, 1932ರಲ್ಲಿ, ‘ನರಬಲಿ’ ಕವಿತೆಗಾಗಿ ಬ್ರಿಟಿಷ್ ಸರ್ಕಾರ ಕವಿಯನ್ನು ಹಿಂಡಲಗಿ ಸೆರೆಮನೆಗೆ ತಳ್ಳಿತ್ತು. ಬಳಿಕ ಧಾರವಾಡದ ಬಳಿಯ ಮುಗದದಲ್ಲಿ ನಿರ್ಬಂಧವಾಸ. ಕೈಯಲ್ಲಿದ್ದ ಮಾಸ್ತರಿಕೆಯೂ ಹೋಯಿತು. ಎಳೆಯ ಮಕ್ಕಳನ್ನು ಕಳೆದುಕೊಂಡ ದುಃಖ ಬೇರೆ.

ಇದನ್ನೆಲ್ಲ ಗದ್ಯದ ಆತ್ಮಕಥೆಯಾಗಿ ಬರೆಯಬಹುದಿತ್ತಲ್ಲ? ಗದ್ಯ ತೇದಿ ಕೇಳುತ್ತದೆ, ವಿವರಣೆ ಬೇಡುತ್ತದೆ. ನೊಂದವನ ಗಂಟಲು ಅಲ್ಲೇ ಕಟ್ಟುವುದು. ಪದ್ಯದ ಲಯವಾದರೋ ಆ ಬಿಕ್ಕನ್ನೂ ಒಳಗೊಳ್ಳಬಲ್ಲದು. ಮೇಲಾಗಿ ಬೇಂದ್ರೆ ಹೇಳಿಕೊಂಡದ್ದು ಲೋಕಕ್ಕಲ್ಲ, ಅದೇ ದುಃಖವನ್ನು ಜೊತೆಯಲ್ಲಿ ಉಂಡ ಸಖಿಗೆ. ಆಕೆಗೆ ವಿವರಣೆ ಬೇಕಿರಲಿಲ್ಲ.

ಒಂದು ಕೊರತೆ ಮಾತ್ರ ನನ್ನನ್ನು ಕಾಡುತ್ತದೆ: ಹೆತ್ತೊಡಲ ಆ ಸಂಕಟವನ್ನು ನಾವು ಪತಿಯ ಬಾಯಿಂದಲೇ ಕೇಳುತ್ತೇವೆ. ಲಕ್ಷ್ಮೀಬಾಯಿಯವರು ತಾವೇ ಹಾಡಿದ್ದರೆ ಯಾವ ಮಟ್ಟು ಹಿಡಿಯುತ್ತಿದ್ದರೋ!