ಬಳ್ಳಾರಿ ತೋರಿದ ದಾರಿ

ಬಳ್ಳಾರಿಯೆಂದೊಡನೆ ಪರಸ್ಥಳದವರಿಗೆ ನೆನಪಾಗುವುದು ಕೋಟೆ, ಬಿಸಿಲು, ಸೆರೆಮನೆ, ಕಬ್ಬಿಣದ ಅದಿರು. ಈ ಸಾಲಿಗೆ ಸೇರಬೇಕಾದ ಇನ್ನೊಂದು ಕೀರ್ತಿಯೂ ಈ ಊರಿಗೆ ಉಂಟು. ಮನಸ್ಸಿನ ಕಾಯಿಲೆಗೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ದೇಶಕ್ಕೆ ತೋರಿಸಿಕೊಟ್ಟ ಜಿಲ್ಲೆ ನಮ್ಮದು. ಮನೋವೈದ್ಯರ ಬರಹಗಳಲ್ಲಿ ‘ಬಳ್ಳಾರಿ ಮಾದರಿ’ ಎಂಬ ಮಾತು ಇಂದಿಗೂ ಬರುತ್ತದೆ. ಪಾರ್ವತಿನಗರದಲ್ಲಿ ವಾಸವಾಗಿರುವ ನಾನು ನೆರೆಹೊರೆಯವರಲ್ಲಿ ಈ ಮಾತೆತ್ತಿದಾಗ ಆಶ್ಚರ್ಯಪಟ್ಟವರು ಸಿಕ್ಕರೇ ಹೊರತು ‘ಬಲ್ಲೆ’ ಎಂದವರು ಸಿಕ್ಕಲಿಲ್ಲ. ಆದುದರಿಂದ ಆ ವೃತ್ತಾಂತವನ್ನು ಇಲ್ಲಿ ಹೇಳಬೇಕೆನಿಸಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಬುದ್ಧಿಭ್ರಮಣೆಯಾದವನಿಗೆ ಸರಕಾರ ತೋರಿಸಿದ ದಾರಿ ಒಂದೇ: ಎತ್ತರದ ಗೋಡೆಯ ಹುಚ್ಚಾಸ್ಪತ್ರೆ. ಮದರಾಸಿನ ಕೀಳ್ಪಾಕದಲ್ಲಿ 1871ರಲ್ಲಿ ಅಂಥದೊಂದು ತೆರೆಯಿತು. ಬೆಂಗಳೂರಿನಲ್ಲಿ ಅದಕ್ಕೂ ಹಿಂದೆಯೇ ಒಂದಿದ್ದಿತು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿದ್ದಿತು. ಸಿರುಗುಪ್ಪದ ರೈತನಿಗೆ ಮದರಾಸೂ ದೂರ, ಬೆಂಗಳೂರೂ ದೂರ. ಮನೆಯಲ್ಲಿ ಕಟ್ಟಿಹಾಕುವುದು, ಹರಕೆ ಹೊರುವುದು, ಮಂತ್ರ ಹಾಕಿಸುವುದು, ಇವೇ ಕೈಗೆಟಕುವ ಉಪಾಯಗಳಾಗಿದ್ದುವು.

1946ರ ಭೋರ್ ಸಮಿತಿಯ ಸಲಹೆಯ ಫಲವಾಗಿ 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಅದು ಪಕ್ಕದ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಆದರೆ ದೇಶಕ್ಕೆಲ್ಲ ಸಾಲುವಷ್ಟು ಮನೋವೈದ್ಯರು ಎಲ್ಲಿಂದ ಬರಬೇಕು? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಡಾ. ಆರ್. ಎಲ್. ಕಪೂರ್ ಪ್ರಮುಖರು. ಅವರು ಮಾರಿಸ್ ಕಾರ್‌ಸ್ಟೇರ್ಸ್ ಅವರೊಡನೆ ನಮ್ಮ ಕರಾವಳಿಯ ಕೋಟ ಗ್ರಾಮದಲ್ಲಿ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂದಿತು. ಕಳವಳಗೊಂಡ ಹಳ್ಳಿಗರು ಮೊದಲು ವೈದ್ಯರ, ಮಂತ್ರವಾದಿಯ, ಪಾತ್ರಿಯ ಬಳಿಗೆ ಹೋಗುವುದನ್ನು ಅವರು ತಾತ್ಸಾರವಿಲ್ಲದೆ ನೋಡಿ ಬರೆದರು. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೇ ಈ ವಿದ್ಯೆಯನ್ನು ಕಲಿಸುವ ಪ್ರಯತ್ನ ಬೆಂಗಳೂರಿನ ಸಮೀಪದ ಸಕಲವಾರದಲ್ಲಿ ನಡೆಯಿತು.

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. ಒಂದೆರಡು ಹಳ್ಳಿಗಳಲ್ಲಿ ನಡೆದದ್ದು ಇಡೀ ಜಿಲ್ಲೆಯಲ್ಲಿ ನಡೆದೀತೆ? ಅದನ್ನು ಒರೆಗೆ ಹಚ್ಚಲು ಆರಿಸಿಕೊಂಡದ್ದು ಬಳ್ಳಾರಿಯನ್ನು. 1985ರಿಂದ 1990ರವರೆಗೆ ನಿಮ್ಹಾನ್ಸ್ ಮತ್ತು ರಾಜ್ಯದ ಆರೋಗ್ಯ ಇಲಾಖೆ ಕೂಡಿ ಈ ಕೆಲಸ ನಡೆಸಿದುವು. ಇದರ ಬೆಡಗೆಲ್ಲ ಸರಳತೆಯಲ್ಲಿತ್ತು. ಹೊಸ ಕಟ್ಟಡವನ್ನು ಎಬ್ಬಿಸಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ, ಮನೆಮನೆ ತಿರುಗುವ ಕಾರ್ಯಕರ್ತರಿಗೂ ಅಲ್ಪಕಾಲದ ತರಬೇತಿ ಕೊಟ್ಟರು. ಚಿತ್ತವಿಕಲತೆ, ಖಿನ್ನತೆ, ಮೂರ್ಛೆರೋಗಗಳಿಗೆ ಬೇಕಾದ ಕೆಲವೇ ಔಷಧಿಗಳನ್ನು ಕೇಂದ್ರದಲ್ಲಿಯೇ ಇರಿಸಿದರು. ಸುಲಭವಾದ ದಾಖಲೆ ಪುಸ್ತಕ, ತಿಂಗಳ ವರದಿ, ಕಷ್ಟದ ರೋಗಿಗಾಗಿ ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರು, ಇಷ್ಟೇ ವ್ಯವಸ್ಥೆ. ಇದು ನಡೆಯಿತು. 1996ರಲ್ಲಿ ಕೇಂದ್ರ ಸರಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಮೇದಕ್, ನಾಗಾಂವ್, ಸೀಕರ್, ತಿರುಚಿನಾಪಳ್ಳಿ ಜಿಲ್ಲೆಗಳಲ್ಲಿ ಆರಂಭಿಸಿದಾಗ ಅದಕ್ಕೆ ಆಧಾರವಾದದ್ದು ಬಳ್ಳಾರಿಯ ಅನುಭವವೇ.

ಕೀರ್ತಿಯನ್ನು ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು. ದೇಶದಲ್ಲಿ ಈ ಕಾರ್ಯಕ್ರಮ ಹಬ್ಬಿದಂತೆಲ್ಲ ಗುಳಿಗೆ ಹಂಚುವುದು ಮುಂದಾಗಿ, ಮಾತು ಕೇಳುವುದು ಹಿಂದಾಯಿತೆಂದು ವಿಮರ್ಶಕರು ಆಕ್ಷೇಪಿಸಿದ್ದಾರೆ. ಆ ಆಕ್ಷೇಪದಲ್ಲಿ ಹುರುಳಿದೆಯೆಂದೇ ನನ್ನ ಭಾವನೆ. ಏಕೆಂದರೆ ಹುಚ್ಚೂ ಅಲ್ಲದ, ಆರೋಗ್ಯವೂ ಅಲ್ಲದ ಸಂಕಟಗಳು ಬಹಳ. ದುಡಿದು ದುಡಿದು ಒಳಗೆ ಬತ್ತಿಹೋಗುವ ಶಾಲಾಮಾಸ್ತರು, ದಾದಿಯರು ಇದ್ದಾರೆ. ಈ ಬಳಲಿಕೆಯನ್ನು ಫ್ರಾಯ್ಡನ್‌ಬರ್ಗರ್ 1974ರಲ್ಲಿ ವಿವರಿಸಿದರು; ವಿಶ್ವ ಆರೋಗ್ಯ ಸಂಸ್ಥೆ ಇದನ್ನು ರೋಗವೆನ್ನದೆ ವೃತ್ತಿಗೆ ಸಂಬಂಧಿಸಿದ ಸ್ಥಿತಿಯೆಂದು ಕರೆದಿದೆ. ಎಂದರೆ ಮದ್ದು ದುಡಿಯುವವನಿಗೆ ಮಾತ್ರವಲ್ಲ, ದುಡಿಮೆಯ ರೀತಿಗೂ ಬೇಕು. ಅಪಘಾತ, ಹಿಂಸೆಗಳಿಂದಾದ ಆಘಾತಕ್ಕೆ ಜುಡಿತ್ ಹರ್ಮನ್ 1992ರಲ್ಲಿ ಮೂರು ಮೆಟ್ಟಿಲು ಹೇಳಿದರು: ಮೊದಲು ಅಭಯ, ಬಳಿಕ ನಡೆದುದನ್ನು ನೆನೆದು ಅಳುವುದು, ಆಮೇಲೆ ಮರಳಿ ಬಾಳಿನ ಸಂಪರ್ಕ. ಈ ಅನುಕ್ರಮ ಮುಖ್ಯ. ಅಭಯವಿಲ್ಲದವನಿಂದ ಕಥೆಯನ್ನು ಹೊರಡಿಸುವುದು ಹಸಿಗಾಯವನ್ನು ಕೆದಕಿದಂತೆ. ನಿವೃತ್ತಿ, ವೈಧವ್ಯ, ಊರು ಬಿಡುವುದು ಮೊದಲಾದ ಬದಲಾವಣೆಗಳಲ್ಲಿ ಸಮಾಲೋಚಕನು ಉಪದೇಶ ಮಾಡುವುದಿಲ್ಲ. ಕಳೆದುಕೊಂಡದ್ದೇನು, ಉಳಿದದ್ದೇನು ಎಂದು ನೊಂದವನೇ ಲೆಕ್ಕ ಹಾಕಿಕೊಳ್ಳುವವರೆಗೆ ಜೊತೆಗಿರುತ್ತಾನೆ.

ಇಂಥ ನೆರವಿನ ಅಗತ್ಯ ಬಳ್ಳಾರಿಗಿಂತ ಯಾವ ಸೀಮೆಗೆ ಹೆಚ್ಚಾಗಿದ್ದಿತು? 1876ರಿಂದ 1878ರವರೆಗಿನ ಧಾತು-ಈಶ್ವರ ಬರದಲ್ಲಿ ಈ ಜಿಲ್ಲೆ ತತ್ತರಿಸಿತು. ಸತ್ತವರ ಲೆಕ್ಕ ದಫ್ತರಗಳಲ್ಲಿದೆ. ಬದುಕುಳಿದವರ ಮನಸ್ಸಿಗೆ ಏನಾಯಿತೆಂದು ಬರೆದಿಟ್ಟವರು ವಿರಳ. ಮೊನ್ನೆಮೊನ್ನೆ, 2011ರಲ್ಲಿ, ಸುಪ್ರೀಂ ಕೋರ್ಟು ಇಲ್ಲಿಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಅಕ್ರಮಕ್ಕೆ ಕಡಿವಾಣ ಬೇಕಾಗಿಯೇ ಇದ್ದಿತು. ಆದರೆ ಲಾರಿಯನ್ನು ನಂಬಿ ಸಾಲ ಮಾಡಿದ್ದವನ, ಗಣಿಯ ಕೂಲಿಯನ್ನೇ ನೆಚ್ಚಿದ್ದವನ ಮನೆಯೊಳಗಿನ ಮಾತನ್ನು ಕುಳಿತು ಕೇಳಿದವರು ಎಷ್ಟು ಮಂದಿ?

ಈಗ ಕಾನೂನಿನ ಬೆಂಬಲವಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ದೂರವಾಣಿ ಮಾಡಿದರೆ ಹಣವಿಲ್ಲದೆ, ಕನ್ನಡದಲ್ಲಿಯೇ ಮಾತಾಡಬಹುದು. ಇದು ಸಣ್ಣ ಅನುಕೂಲವಲ್ಲ. ಆದರೂ ದೂರವಾಣಿಯ ಧ್ವನಿ ಎದುರಿಗೆ ಕುಳಿತ ಮನುಷ್ಯನಿಗೆ ಸಮನಾಗದು. ಔಷಧಿಯನ್ನು ಹಳ್ಳಿಯ ಬಾಗಿಲಿಗೆ ಒಯ್ಯುವ ಬಗೆಯನ್ನು ಆ ಐದು ವರ್ಷಗಳಲ್ಲಿ ನಮ್ಮ ಜಿಲ್ಲೆಯ ಸಾಮಾನ್ಯ ವೈದ್ಯರೂ ಕಾರ್ಯಕರ್ತರೂ ಕಲಿತು ತೋರಿಸಿದರು. ತಾಳ್ಮೆಯಿಂದ ಕೇಳುವ ವಿದ್ಯೆಯನ್ನು ಕುರುಗೋಡು, ಸಿರುಗುಪ್ಪಗಳ ಆರೋಗ್ಯ ಕೇಂದ್ರಗಳಿಗೆ ಒಯ್ಯುವುದು ಅದಕ್ಕಿಂತ ಕಠಿಣವೇನೂ ಅಲ್ಲ. ವಾರಕ್ಕೊಂದು ದಿನ, ಒಂದು ಕೋಣೆ, ಎರಡು ಕುರ್ಚಿ, ತರಬೇತಿ ಪಡೆದ ಒಬ್ಬ ವ್ಯಕ್ತಿ, ಇಷ್ಟರಿಂದ ಮೊದಲು ಮಾಡಬಹುದು.